ಯುಜಿನ್ ನುಡಿಸದ ಹಾಡು

ಯುಜಿನ್ ಮೊಂತೇರೊ ದುಬೈಗೆ ಬಂದದ್ದು ಹೋಟೆಲಿನ ಕೆಲಸಕ್ಕೆ. ವಯಲಿನ್ ಅವನ ಜೊತೆಯಲ್ಲಿ ಬಂದಿತ್ತು, ಅಷ್ಟೆ. ಕಿನ್ನಿಗೋಳಿಯ ಚರ್ಚಿನ ಗಾಯನ ಮಂಡಳಿಯಲ್ಲಿ ಹುಡುಗನಾಗಿದ್ದಾಗ ಕಲಿತದ್ದು. ಊರಲ್ಲಿ ಮದುವೆ, ಹಬ್ಬ, ಪೂಜೆಗಳಿಗೆಲ್ಲ ನುಡಿಸುತ್ತಿದ್ದ. ಇಲ್ಲಿಯೂ ವಾರದ ರಜೆಯಾದ ಶುಕ್ರವಾರ ಚರ್ಚಿನ ಕೊಂಕಣಿ ಪೂಜೆಗೆ ನುಡಿಸುತ್ತಿದ್ದ. ಉಳಿದ ದಿನಗಳಲ್ಲಿ ಹೋಟೆಲಿನ ಬ್ಯಾಂಕ್ವೆಟ್ ಹಾಲಿನ ಸೂಪರ್‌ವೈಸರ್. ಕಪ್ಪು ಕೋಟು ತೊಟ್ಟು, ಇತರರ ಮದುವೆಗಳ ಮೇಜು ಕುರ್ಚಿ ಸರಿಯಾಗಿವೆಯೇ ಎಂದು ನೋಡಿಕೊಳ್ಳುವ ಕೆಲಸ.

ಅವನ ಹೆಂಡತಿ ಮಾರ್ಟಿನಾ ಆಸ್ಪತ್ರೆಯೊಂದರ ಲ್ಯಾಬಿನಲ್ಲಿದ್ದಳು. ಅಲ್ ಬರ್ಷಾದಲ್ಲಿ, ದೊಡ್ಡ ಮಾಲಿನ ಹಿಂದಿನ ರಸ್ತೆಯ ಕಟ್ಟಡದಲ್ಲಿ ಅವರದೊಂದು ಸಣ್ಣ ಫ್ಲ್ಯಾಟ್. ಕಿಟಕಿಯಲ್ಲಿ ನಿಂತರೆ ಮೆಟ್ರೊ ಹೋಗುವುದು ಕಾಣುತ್ತಿತ್ತು.

ಮೆಟ್ರೊ ಶುರುವಾಗುವ ಹಿಂದಿನ ವರ್ಷ ಅವರಿಗೊಂದು ಹೆಣ್ಣುಮಗು ಹುಟ್ಟಿತು. ಹೃದಯದಲ್ಲಿ ದೋಷವಿತ್ತು. ಪಾದ್ರಿಗಳು ಬರುವವರೆಗೆ ಕಾಯುವ ಹಾಗಿಲ್ಲವೆಂದು ಮಲಯಾಳಿ ನರ್ಸೊಬ್ಬಳು ಹತ್ತಿಯನ್ನು ನೀರಿನಲ್ಲಿ ಅದ್ದಿ ಹಣೆಗೆ ಒತ್ತಿ ಜ್ಞಾನಸ್ನಾನ ಮಾಡಿಸಿ ಶಾರನ್ ಎಂದು ಹೆಸರಿಟ್ಟಳು. ಆಮೇಲೆಯೂ ಮಗು ಕೆಲವು ದಿನ ಬದುಕಿತು, ಗಾಜಿನ ಪೆಟ್ಟಿಗೆಯೊಳಗೆ. ಒಂದು ತಿಂಗಳು ತುಂಬಲಿಲ್ಲ. ಮಾರ್ಟಿನಾಳ ಅಮ್ಮನಿಗೆ ಊರಿನಿಂದ ಬರಲು ವೀಸಾ ಸಿಗುವುದರೊಳಗೆ ಜೆಬೆಲ್ ಅಲಿ ಕಡೆಯ ಕ್ರೈಸ್ತ ಸ್ಮಶಾನದ ಮರಳಿನಲ್ಲಿ ಅದನ್ನು ಮಣ್ಣು ಮಾಡಿಯಾಗಿತ್ತು.

ಅದಾದ ಮೇಲೆ ಸಂಜೆ ಹೊತ್ತು ಯುಜಿನ್ ಕಿಟಕಿಯ ಹತ್ತಿರ ನಿಂತು ಒಂದು ಹೊಸ ಧಾಟಿ ನುಡಿಸತೊಡಗಿದ. ನಿಧಾನವಾದ, ಸಣ್ಣ ಧಾಟಿ. ಅದು ಯಾರಿಗಾಗಿ ಎಂದು ಅವನು ಹೇಳಲಿಲ್ಲ, ಮಾರ್ಟಿನಾ ಕೇಳಲೂ ಇಲ್ಲ. ಅವನು ಅದನ್ನು ಶುರು ಮಾಡಿದ ಕೂಡಲೇ ಅವಳು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕೇಳಲು ಇವಳಿಂದ ಆಗುತ್ತಿಲ್ಲ ಎಂದುಕೊಂಡ ಯುಜಿನ್ ಕೆಲವು ತಿಂಗಳಾದ ಮೇಲೆ ಅದನ್ನು ನುಡಿಸುವುದನ್ನೇ ಬಿಟ್ಟ. ಬೇರೆ ಮಕ್ಕಳಾಗಲಿಲ್ಲ. ಇಬ್ಬರೂ ಕೆಲಸಕ್ಕೆ ಹೋದರು, ಬಂದರು, ಊರಿಗೆ ಹೋಗಿ ಬಂದರು. ಶಾರನ್ ಎಂಬ ಹೆಸರು ಮನೆಯಲ್ಲಿ ಕೇಳದಂತಾಯಿತು.

ಕಾನರ್ ಅವರ ಬದುಕಿನಲ್ಲಿ ಬಂದದ್ದು ಆ ಕಾಲದಲ್ಲಿ. ಐರ್ಲೆಂಡಿನವನು, ಕಟ್ಟಡದ ಕಂಪೆನಿಯೊಂದರಲ್ಲಿ ಅಳತೆ, ಅಂದಾಜಿನ ಕೆಲಸ. ತನ್ನ ದೇಶದಲ್ಲಿ ಮನೆ ಕಟ್ಟುವವರೇ ಇಲ್ಲವಾದಾಗ ಕೆಲಸ ಕಳೆದುಕೊಂಡು ದುಬೈಗೆ ಬಂದಿದ್ದ. ಸಹೋದ್ಯೋಗಿಯ ಮದುವೆಗೆಂದು ಚರ್ಚಿಗೆ ಬಂದವನು ಯುಜಿನ್ ನುಡಿಸುವುದನ್ನು ಕೇಳಿ, ಪೂಜೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಕಾದು ನಿಂತು ಮಾತಾಡಿಸಿದ. ತನ್ನದೊಂದು ಬ್ಯಾಂಡ್ ಇದೆ, ವಯಲಿನಿಗೆ ಜನ ಇಲ್ಲ, ಬರುತ್ತೀಯಾ ಎಂದ.

ಬ್ಯಾಂಡಿನ ಹೆಸರು ಕ್ರೀಕ್‌ಸೈಡ್ ವೇಕ್. ಅವರ ಊರಲ್ಲಿ ಯಾರಾದರೂ ಸತ್ತರೆ ಹೆಣದ ಸುತ್ತ ನೆರೆಕರೆಯವರು ಕೂತು, ಕುಡಿದು, ಹಾಡಿ ಜಾಗರಣೆ ಮಾಡುತ್ತಾರೆ, ಅದಕ್ಕೆ ವೇಕ್ ಅನ್ನುತ್ತಾರೆ ಎಂದು ಕಾನರ್ ವಿವರಿಸಿದ. ಅವರು ನುಡಿಸುವುದು ಸೆಲ್ಟಿಕ್ ಪಂಕ್. ಅಜ್ಜ ಅಜ್ಜಿಯರ ಕಾಲದ ಐರಿಶ್ ಧಾಟಿಗಳನ್ನು ಎತ್ತಿಕೊಂಡು ಎಲೆಕ್ಟ್ರಿಕ್ ಗಿಟಾರು, ಡ್ರಮ್ಮುಗಳ ಆರ್ಭಟದೊಳಗೆ ಓಡಿಸುವ ಸಂಗೀತ. ಹಾಡುವವನು ಅರ್ಧ ಹಾಡುತ್ತಾನೆ, ಅರ್ಧ ಬೊಬ್ಬೆ ಹೊಡೆಯುತ್ತಾನೆ. ಯುಜಿನ್ ಮೊದಲ ದಿನ ಕಿವಿ ಮುಚ್ಚಿಕೊಳ್ಳುವಂತಾಗಿ ಮನೆಗೆ ಬಂದ. ಮರುವಾರ ಮತ್ತೆ ಹೋದ. ಆ ಗದ್ದಲದ ನಡುವೆ ವಯಲಿನ್ ಒಂದೇ ಅಳುವ ಹಾಗೆ ಕೇಳಿಸುತ್ತದೆ, ಆದರೆ ಅಳುವವನನ್ನು ಯಾರೂ ತಿರುಗಿ ನೋಡುವುದಿಲ್ಲ; ಅದು ಅವನಿಗೆ ಹಿತವಾಗಿರಬೇಕು. ಎರಡು ವರ್ಷ ಬಿಡದೆ ಹೋದ.

2012ರ ಮಾರ್ಚ್‌ನಲ್ಲಿ, ಐರಿಶ್ ಜನರ ಸಂತ ಪ್ಯಾಟ್ರಿಕ್ ಹಬ್ಬದ ದಿನ, ಹೋಟೆಲೊಂದರ ಅಂಗಳದಲ್ಲಿ ಮಧ್ಯಾಹ್ನ ಅವರ ಕಾರ್ಯಕ್ರಮವಿತ್ತು. ಅಲ್ಲಿಯವರೆಗೆ ಒಮ್ಮೆಯೂ ಬಾರದಿದ್ದ ಮಾರ್ಟಿನಾ ಅಂದು ಬಂದಳು. ಹಸಿರು ಟೊಪ್ಪಿ ತೊಟ್ಟವರ ನಡುವೆ ಕಿತ್ತಳೆ ರಸದ ಗ್ಲಾಸು ಹಿಡಿದು ಹಿಂದುಗಡೆ ನಿಂತಿದ್ದಳು. ಕೊನೆಯ ಹಾಡಿಗೆ ಮುಂಚೆ ಗಿಟಾರುಗಳು ನಿಂತವು. ಯುಜಿನ್ ಒಬ್ಬನೇ ನುಡಿಸತೊಡಗಿದ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅವಳಿಗೆ ಅದು ಯಾವುದೆಂದು ತಿಳಿಯಿತು. ಅದು ಮುಗಿಯುವ ಮೊದಲೇ ಡ್ರಮ್ಮು ಒಡೆದುಕೊಂಡು ಬಂತು, ಕಾನರ್ ಕಿರುಚಿದ, ಅದೇ ಧಾಟಿ ಕುದುರೆಯ ಓಟದಲ್ಲಿ ಓಡತೊಡಗಿತು, ಜನ ಗ್ಲಾಸು ಎತ್ತಿ ಕುಣಿದರು. ಮಾರ್ಟಿನಾ ಗ್ಲಾಸನ್ನು ಮೇಜಿನ ಮೇಲಿಟ್ಟು ಹೊರಗೆ ಹೋಗಿ ಟ್ಯಾಕ್ಸಿ ಹಿಡಿದಳು.

ಯುಜಿನ್ ಮನೆಗೆ ಬಂದಾಗ ಅವಳು ಸೋಫಾದಲ್ಲಿ ಚಪ್ಪಲಿಯನ್ನೂ ಬಿಚ್ಚದೆ ಕೂತಿದ್ದಳು.

"ನಮ್ಮ ಮಗುವನ್ನು ಕುಡುಕರ ಮುಂದೆ ಕುಣಿಸಿದೆಯಲ್ಲ ನೀನು," ಎಂದಳು. ದನಿ ಏರಿರಲಿಲ್ಲ.

ಯುಜಿನ್ ವಯಲಿನ್ ಪೆಟ್ಟಿಗೆಯನ್ನು ಕೆಳಗಿಟ್ಟ. "ಮನೆಯಲ್ಲಿ ನುಡಿಸಲು ನೀನು ಬಿಟ್ಟದ್ದು ಎಲ್ಲಿ?"

"ನಾನು ಬೇಡ ಅಂತ ಹೇಳಿದ್ದು ಉಂಟಾ?"

"ಬಾಗಿಲು ಹಾಕಿಕೊಂಡದ್ದು ಯಾರು ಮತ್ತೆ?"

ಅವಳು ಬಗ್ಗಿ ಚಪ್ಪಲಿ ಬಿಚ್ಚಿದಳು. ಆಮೇಲೆ ಅವರು ಆ ವಿಷಯ ಎತ್ತಲಿಲ್ಲ. ಬೇರೆ ವಿಷಯಗಳೂ ಹೆಚ್ಚಿರಲಿಲ್ಲ. ಊಟ ಆಯಿತಾ, ಗ್ಯಾಸ್ ಮುಗಿದಿದೆ, ನಾಳೆ ನನಗೆ ಬೆಳಗಿನ ಡ್ಯೂಟಿ, ಇಷ್ಟರಲ್ಲೇ ಬೇಸಿಗೆ ಕಳೆಯಿತು.

ಆ ಬೇಸಿಗೆಯಲ್ಲಿಯೇ ಕಾನರ್ ತಮ್ಮ ಮೊದಲ ಆಲ್ಬಮ್ ಮಾಡುವುದೆಂದು ನಿರ್ಧರಿಸಿದ. ಸ್ಟುಡಿಯೊದಲ್ಲಿ ಕೂತು ಸರಿಯಾಗಿ ರೆಕಾರ್ಡ್ ಮಾಡಿದ ಹಾಡುಗಳು, ಹೆಸರು 'ಡ್ರೈ ಹಾರ್ಬರ್'. ನೀರಿಲ್ಲದ ಬಂದರು. ದೇಶ ಬಿಟ್ಟು ಮರಳಿನ ದಡಕ್ಕೆ ಬಂದು ಬಿದ್ದವರ ಹಾಡುಗಳೆಲ್ಲ ಅದರಲ್ಲಿದ್ದವು. ಯುಜಿನ್‌ನ ಧಾಟಿಯೂ ಇತ್ತು. ಅದು ಯಾರ ನೆನಪಿನದೆಂದು ಅವನು ಕಾನರ್‌ಗೆ ಕೂಡ ಹೇಳಿರಲಿಲ್ಲ.

ಅಭ್ಯಾಸ ಜೋರಾಯಿತು. ಸೆಪ್ಟೆಂಬರಿನಲ್ಲಿ ಒಂದು ದಿನ ಯುಜಿನ್‌ನ ಎಡಗೈಯ ಉಂಗುರದ ಬೆರಳು ತಂತಿಯ ಮೇಲೆ ಇಳಿಯುವ ಬದಲು ಒಳಗೆ ಮಡಚಿಕೊಂಡಿತು. ಸುಸ್ತಾಗಿರಬೇಕು ಎಂದುಕೊಂಡ. ಮರುದಿನವೂ ಹಾಗೆಯೇ ಆಯಿತು. ಸ್ವಲ್ಪ ದಿನದಲ್ಲಿ ಕಿರುಬೆರಳೂ ಅದರ ಜೊತೆ ಮಡಚತೊಡಗಿತು. ವಿಚಿತ್ರವೆಂದರೆ ಅಂಗಿಯ ಗುಂಡಿ ಹಾಕುವಾಗ, ಮೀನಿನ ಮುಳ್ಳು ಬಿಡಿಸುವಾಗ, ಹೋಟೆಲಿನಲ್ಲಿ ತಟ್ಟೆಗಳ ರಾಶಿ ಎತ್ತುವಾಗ ಆ ಬೆರಳುಗಳಿಗೆ ಏನೂ ಆಗುತ್ತಿರಲಿಲ್ಲ. ವಯಲಿನ್ ಹಿಡಿದರೆ ಮಾತ್ರ. ಅವನು ಹೆದರಿ, ಇನ್ನೂ ಹೆಚ್ಚು ಅಭ್ಯಾಸ ಮಾಡಿದ. ಮಾರ್ಟಿನಾಳಿಗೆ ಹೇಳುವಷ್ಟು ಮಾತು ಅವರ ನಡುವೆ ಉಳಿದಿರಲಿಲ್ಲ. ಅವಳ ಕಿವಿಗೆ ಬೀಳಬಾರದೆಂದು ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ, ತಮ್ಮ ಕಾರಿಗೂ ಕಂಬಕ್ಕೂ ನಡುವೆ ನಿಂತು ನುಡಿಸುತ್ತಿದ್ದ.

ಒಂದು ರಜೆಯ ದಿನ ಬೆಳಿಗ್ಗೆ ಕಾರಿನಲ್ಲಿ ಮರೆತ ಕೊಡೆ ತರಲು ಮಾರ್ಟಿನಾ ಕೆಳಗಿಳಿದಳು. ಲಿಫ್ಟಿನ ಬಾಗಿಲು ತೆರೆದಾಗ ವಯಲಿನ್ ಕೇಳಿಸಿತು. ಮೂರು ಸ್ವರ, ಆಮೇಲೆ ಕರ್ಕಶ ಶಬ್ದ. ಮತ್ತೆ ಅದೇ ಮೂರು ಸ್ವರ, ಮತ್ತೆ ಅದೇ ಶಬ್ದ. ಅವಳು ಲಿಫ್ಟಿನ ಪಕ್ಕದಲ್ಲೇ ನಿಂತು ಬಹಳ ಹೊತ್ತು ಕೇಳಿದಳು. ಕೊನೆಗೆ ಹತ್ತಿರ ಹೋದಾಗ ಯುಜಿನ್ ಬಲಗೈಯಿಂದ ಎಡಗೈಯ ಬೆರಳುಗಳನ್ನು ಬಿಡಿಸಿ ನೇರ ಮಾಡುತ್ತಿದ್ದ. ಅವಳನ್ನು ಕಂಡು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ, ಏನೋ ಕದ್ದವನ ಹಾಗೆ.

"ಎಷ್ಟು ದಿನ ಆಯಿತು ಇದು?" ಎಂದು ಕೇಳಿದಳು.

ಅವಳು ಅವನ ಕೈಯನ್ನು ಮುಂದಕ್ಕೆ ಎಳೆದು, ಒಂದೊಂದೇ ಬೆರಳನ್ನು ಒತ್ತಿ ನೋಡಿದಳು. ಆರು ತಿಂಗಳ ಮೇಲೆ ಅವರು ಒಬ್ಬರನ್ನೊಬ್ಬರು ಮುಟ್ಟಿದ್ದು ಆಗ.

ಅವಳ ಆಸ್ಪತ್ರೆಯಲ್ಲಿ ಯಾರಿಗೂ ಇದು ಏನೆಂದು ಗೊತ್ತಾಗಲಿಲ್ಲ. ಮನಸ್ಸಿನ ಒತ್ತಡ ಎಂದರು. ವಿಚಾರಿಸಿ ವಿಚಾರಿಸಿ ಜನವರಿಯಲ್ಲಿ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಕ್ಲಿನಿಕ್ಕೊಂದಕ್ಕೆ ಹೋದರು. ಅಲ್ಲಿನ ನರರೋಗ ತಜ್ಞೆ ಪ್ರಾರ್ಥನಾ ಮೈಸೂರಿನವರು. ವಯಲಿನ್ ತಂದಿದ್ದೀರಾ ಎಂದು ಕೇಳಿ, ಅಲ್ಲಿಯೇ ನುಡಿಸಲು ಹೇಳಿ, ಹತ್ತಿರ ಬಗ್ಗಿ ನೋಡಿದರು. ಆಮೇಲೆ ಕುರ್ಚಿಯನ್ನು ಅವನ ಎದುರಿಗೆ ಎಳೆದುಕೊಂಡು ಕೂತರು.

"ನಿಮ್ಮ ಬೆರಳಿಗೆ ಏನೂ ಆಗಿಲ್ಲ. ಮೆದುಳಿನಲ್ಲಿ ಒಂದೊಂದು ಬೆರಳಿಗೂ ಒಂದೊಂದು ಜಾಗ ಅಂತ ಇರುತ್ತೆ. ವರ್ಷಗಟ್ಟಲೆ ಅದೇ ಕೆಲಸ ಮಾಡಿ ಮಾಡಿ ಆ ಜಾಗಗಳು ಒಂದರೊಳಗೊಂದು ಸೇರ್ಕೊಂಡಿವೆ. ಒಂದು ಬೆರಳಿಗೆ ಹೇಳಿದ್ದು ಪಕ್ಕದ್ದಕ್ಕೂ ಕೇಳ್ತಾ ಇದೆ. ವಾದ್ಯ ನುಡಿಸೋರಿಗೆ ಅಪರೂಪಕ್ಕೆ ಹೀಗಾಗತ್ತೆ."

"ಹಾಗಾದರೆ ಇನ್ನೂ ಜಾಸ್ತಿ ಪ್ರಾಕ್ಟೀಸ್ ಮಾಡಿದರೆ, ಡಾಕ್ಟ್ರೇ?"

"ಅದೊಂದನ್ನು ಮಾಡಬೇಡಿ," ಎಂದರು ಅವರು. "ಮಾಡಿದಷ್ಟೂ ಕೆಡುತ್ತೆ. ಇಂಜೆಕ್ಷನ್ ಇದೆ, ಕೊಡ್ತೀನಿ. ಕೆಲವರಿಗೆ ಸ್ವಲ್ಪ ಉಪಯೋಗ ಆಗತ್ತೆ. ಮೊದಲಿನ ಹಾಗೆ ಆಗತ್ತೆ ಅಂತ ನಾನು ಹೇಳಲಾರೆ."

ಹಿಂದಿರುಗುವಾಗ ಮಾರ್ಟಿನಾ ಕಾರು ಓಡಿಸಿದಳು. ದಾರಿಯುದ್ದಕ್ಕೂ ಯುಜಿನ್ ಎಡಗೈಯನ್ನು ತೊಡೆಯ ಮೇಲಿಟ್ಟು ನೋಡುತ್ತ ಕೂತಿದ್ದ. ತಾನು ಅಷ್ಟು ಪ್ರೀತಿಯಿಂದ ದಿನಾ ಮಾಡಿದ ಕೆಲಸವೇ ಕೈಯನ್ನು ತಿಂದಿತೆಂಬುದು ಅವನಿಗೆ ಅರಗಲಿಲ್ಲ. ಕುಡಿದೋ ಬಿದ್ದೋ ಹೀಗಾಗಿದ್ದರೆ ಬೈಯಲು ಒಂದು ಕಾರಣವಾದರೂ ಇರುತ್ತಿತ್ತು ಎಂದ. ಮಾರ್ಟಿನಾ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಇಬ್ಬರಿಗೂ ಗಟ್ಟಿ ಹಾಲಿನ ಕರಕ್ ಚಹಾ ತಂದಳು, ಮುಚ್ಚಳ ತೆಗೆದು ಅವನ ಕೈಗೆ ಕೊಟ್ಟಳು.

ರೆಕಾರ್ಡಿಂಗ್ ಫೆಬ್ರವರಿಗೆ ನಿಗದಿಯಾಗಿತ್ತು. ಅಲ್ ಕೂಜ್‌ನ ಗೋದಾಮುಗಳ ಸಾಲಿನಲ್ಲಿ, ಟೈರಿನ ಗ್ಯಾರೇಜಿನ ಪಕ್ಕದಲ್ಲಿ ಒಂದು ಸ್ಟುಡಿಯೊ. ಇಂಜೆಕ್ಷನ್ ಹಾಕಿಸಿಕೊಂಡು ಯುಜಿನ್ ಹೋದ. ಬೆರಳು ಮಡಚುವುದು ಕಡಿಮೆಯಾಗಿತ್ತು, ಆದರೆ ತಂತಿಯನ್ನು ಒತ್ತುವ ಬಲವೂ ಹೋಗಿತ್ತು. ಗಾಜಿನ ಆಚೆ ಕೂತವರು ಮತ್ತೊಮ್ಮೆ, ಮತ್ತೊಮ್ಮೆ ಎನ್ನುತ್ತ ಹೋದರು. ಪಬ್ಬಿನ ಗದ್ದಲದಲ್ಲಿ ಮುಚ್ಚಿಹೋಗುತ್ತಿದ್ದದ್ದು ಇಲ್ಲಿ ಎಲ್ಲವೂ ಕೇಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಯುಜಿನ್ ತಾನೇ ವಯಲಿನನ್ನು ಪೆಟ್ಟಿಗೆಯಲ್ಲಿಟ್ಟು, ನಾನು ನುಡಿಸಿದ್ದನ್ನೆಲ್ಲ ಅಳಿಸಿಬಿಡಿ ಎಂದು ಕಾನರ್‌ಗೆ ಹೇಳಿದ. ಬೇರೆಯವರನ್ನು ಕರೆಯಿರಿ, ಆಲ್ಬಮ್ ಹಾಳಾಗಬಾರದು ಎಂದ. ಕಾನರ್ ಕಾಯೋಣ ಎಂದ, ಮುಂದಿನ ವರ್ಷ ಮಾಡೋಣ ಎಂದ. ಮುಂದಿನ ವರ್ಷಕ್ಕೂ ಈ ಕೈ ಇದೇ ಕೈ ಎಂದು ಯುಜಿನ್ ಉತ್ತರಿಸಿದ.

ಹಾಗೆ ಬಂದವಳು ಊನಾ. ಅಬುಧಾಬಿಯ ಶಾಲೆಯೊಂದರಲ್ಲಿ ಸಂಗೀತದ ಟೀಚರ್, ಇಪ್ಪತ್ತಾರರ ಪ್ರಾಯ, ಐರ್ಲೆಂಡಿನವಳೇ. ಒಳ್ಳೆಯ ಕೈ. ಓಟದ ಹಾಡುಗಳನ್ನೆಲ್ಲ ವಾರದೊಳಗೆ ಕಲಿತು ರೆಕಾರ್ಡ್ ಮಾಡಿ ಮುಗಿಸಿದಳು. ಯುಜಿನ್ ದಿನವೂ ಕೆಲಸ ಮುಗಿಸಿ ಹೋಗಿ ಮೂಲೆಯ ಕುರ್ಚಿಯಲ್ಲಿ ಕೂತು, ಕೇಳಿದ್ದನ್ನು ಹೇಳಿಕೊಟ್ಟ. ಅವಳ ಮೇಲೆ ಸಿಟ್ಟು ಮಾಡಲು ಪ್ರಯತ್ನಿಸಿದ್ದೆ, ಆಗಲಿಲ್ಲ ಎಂದು ಆಮೇಲೆ ಮಾರ್ಟಿನಾಳ ಹತ್ತಿರ ಹೇಳಿದ.

ಉಳಿದದ್ದು ಆ ಒಂದು ಹಾಡಿನ ನಿಧಾನದ ಆರಂಭ. ಯುಜಿನ್ ಅದರ ಸ್ವರಗಳನ್ನು ಬರೆದುಕೊಟ್ಟಿದ್ದ. ಊನಾ ಬರೆದದ್ದನ್ನು ಬರೆದ ಹಾಗೆಯೇ ನುಡಿಸಿದಳು. ಒಂದೂ ತಪ್ಪಿರಲಿಲ್ಲ. ಆದರೆ ಅದು ಅದಾಗಿರಲಿಲ್ಲ. ಎಲ್ಲಿ ಸರಿಯಿಲ್ಲ ಎಂದು ಅವಳು ಕೇಳಿದರೆ ಯುಜಿನ್‌ಗೆ ಹೇಳಲು ಬರಲಿಲ್ಲ. ನುಡಿಸಿ ತೋರಿಸಲು ಅವಳ ವಯಲಿನ್ ತೆಗೆದುಕೊಂಡ, ನಾಲ್ಕನೆಯ ಸ್ವರಕ್ಕೆ ಬೆರಳು ಜಾರಿತು. ಎರಡು ದಿನ ಹೀಗೆಯೇ ಹೋಯಿತು. ಮೂರನೆಯ ದಿನ ಅವನು, ಈ ಹಾಡು ಬೇಡ, ಆಲ್ಬಮ್ಮಿನಿಂದ ತೆಗೆಯಿರಿ ಎಂದ.

ಮಾರ್ಟಿನಾ ಅಂದು ಅವನನ್ನು ಕರೆದುಕೊಂಡು ಹೋಗಲು ಬಂದಿದ್ದಳು. ಲ್ಯಾಬಿನ ಬಿಳಿ ಕೋಟು ತೋಳಿನ ಮೇಲಿತ್ತು. ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು ಎಲ್ಲ ಕೇಳುತ್ತಿದ್ದಳು. ಕಾನರ್ ತಲೆ ತಗ್ಗಿಸಿದ, ಊನಾ ವಯಲಿನನ್ನು ಮಡಿಲಲ್ಲಿಟ್ಟುಕೊಂಡಳು. ಆಗ ಮಾರ್ಟಿನಾ ಎದ್ದು ಬಂದು, ಊನಾಳ ಎದುರಿನ ಸ್ಟೂಲಿನ ಮೇಲೆ ಕೂತಳು. ಅದು ತೊಟ್ಟಿಲು ತೂಗುವ ಹಾಗೆ ಹೋಗಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನೆಲ ನೋಡುತ್ತ ಹಾಡತೊಡಗಿದಳು.

ಕೊಂಕಣಿಯ ಮಾತುಗಳಿದ್ದವು ಅದಕ್ಕೆ. ನಿದ್ದೆ ಮಾಡು, ಕಡಲು ಮಲಗಿದೆ, ಅಜ್ಜಿ ಬರುವಳು, ಶಾರನ್ ಮಗಳೇ ನಿದ್ದೆ ಮಾಡು ಎಂಬಂಥ ಮಾತುಗಳು. ಯುಜಿನ್ ಮಾಡಿದ ಧಾಟಿಯೇ, ಆದರೆ ಮೂರನೆಯ ಸಾಲಿನ ಕೊನೆಯಲ್ಲಿ ಅವನು ಮೇಲಕ್ಕೆ ಹೋಗುವ ಕಡೆ ಅವಳು ಕೆಳಗಿಳಿದಳು. ಅವಳ ಕಂಠ ದೊಡ್ಡದಲ್ಲ; ಪಾತ್ರೆ ತೊಳೆಯುತ್ತ, ಹೊರಗೆ ಕೇಳಬಾರದೆಂದು ಹಾಡಿ ರೂಢಿಯಾದ ಕಂಠ. ಅಡುಗೆಮನೆಯ ಬಾಗಿಲು ಹಾಕಿಕೊಂಡು ವರ್ಷಗಳ ಕಾಲ ಅವಳು ಹಾಡಿಕೊಂಡದ್ದು ಅದನ್ನೇ ಎಂದು ಯುಜಿನ್‌ಗೆ ಆಗ ಅರ್ಥವಾಯಿತು. ಅವನು ಕುರ್ಚಿಯಲ್ಲಿ ಬಗ್ಗಿ ಮುಖ ಮುಚ್ಚಿಕೊಂಡ.

ಊನಾ ಎರಡನೆಯ ಸಲಕ್ಕೆ ಅವಳ ಜೊತೆ ಮೆಲ್ಲಗೆ ನುಡಿಸತೊಡಗಿದಳು. ಮೂರನೆಯ ಸಲಕ್ಕೆ ಮಾರ್ಟಿನಾ ನಿಲ್ಲಿಸಿದಳು, ವಯಲಿನ್ ಮುಂದುವರಿಯಿತು. ಮುಗಿದ ಮೇಲೆ ಮೂರನೆಯ ಸಾಲಿನ ಕೊನೆ ಬರೆದದ್ದಕ್ಕಿಂತ ಬೇರೆಯಾಗಿದೆ, ಯಾವುದು ಸರಿ ಎಂದು ಊನಾ ಕೇಳಿದಳು. ಎಲ್ಲರೂ ಯುಜಿನ್‌ನತ್ತ ನೋಡಿದರು.

"ಅವಳು ಹೇಳಿದ್ದೇ ಸರಿ," ಎಂದ.

ಕಾನರ್‌ಗೆ ಆಗ ಎಲ್ಲ ಹೇಳಬೇಕಾಯಿತು. ಹೇಳಿದವಳು ಮಾರ್ಟಿನಾ, ಒಂದೆರಡು ವಾಕ್ಯಗಳಲ್ಲಿ. ಕಾನರ್ ಕಣ್ಣೊರೆಸಿಕೊಂಡು, ನಿಮ್ಮ ದನಿಯನ್ನೇ ಆಲ್ಬಮ್ಮಿನಲ್ಲಿ ಇಡೋಣವೇ ಎಂದು ಕೇಳಿದ. ಬೇಡ, ಆ ಮಾತುಗಳು ಮಗುವಿನವು ಎಂದಳು ಅವಳು. ಹಾಗಾದರೆ ಡ್ರಮ್ಮಿನ ಭಾಗವನ್ನು ತೆಗೆಯುತ್ತೇವೆ, ಇಷ್ಟನ್ನೇ ಇಡುತ್ತೇವೆ ಎಂದ. ಮಾರ್ಟಿನಾ ಯುಜಿನ್‌ನತ್ತ ತಿರುಗಿ ತಮ್ಮ ಭಾಷೆಯಲ್ಲಿ ಹೇಳಿದಳು:

"ಅವತ್ತು ಆಸ್ಪತ್ರೆಯ ಕಾರಿಡಾರಿನಲ್ಲಿ ನಾನು ಕಿರುಚಿದ್ದು ಇವರ ಡ್ರಮ್ಮಿಗಿಂತ ಜೋರು ಇತ್ತು. ನೆನಪುಂಟಲ್ಲ ನಿನಗೆ? ಇರಲಿ ಅದು. ತೆಗೆಯುವುದು ಬೇಡ ಹೇಳು."

ಯುಜಿನ್ ಹಾಗೆಯೇ ಹೇಳಿದ.

'ಡ್ರೈ ಹಾರ್ಬರ್' ಆ ವರ್ಷದ ನವೆಂಬರಿನಲ್ಲಿ ಹೊರಬಂತು. ಸಿ.ಡಿ.ಯ ಹೊದಿಕೆಯಲ್ಲಿ ಮರಳಿನ ಮೇಲೆ ಮಗುಚಿದ ದೋಣಿಯ ಚಿತ್ರವಿತ್ತು. ಆ ಹಾಡಿನ ಕೆಳಗೆ ಧಾಟಿ ಯುಜಿನ್ ಮತ್ತು ಮಾರ್ಟಿನಾ ಮೊಂತೇರೊ ಎಂದೂ, ವಯಲಿನ್ ಎಂದಿರುವ ಕಡೆಯೆಲ್ಲ ಊನಾಳ ಹೆಸರೂ ಇತ್ತು. ಬಿಡುಗಡೆಯ ಕಾರ್ಯಕ್ರಮಕ್ಕೆ ಗಂಡ ಹೆಂಡತಿ ಹೋದರು. ಯುಜಿನ್ ಕೇಳುವವರ ನಡುವೆ ನಿಂತ. ಪಕ್ಕದಲ್ಲಿದ್ದ ಅಪರಿಚಿತನೊಬ್ಬ, ಆ ವಯಲಿನ್ ಹುಡುಗಿ ಎಷ್ಟು ಚೆನ್ನಾಗಿ ನುಡಿಸುತ್ತಾಳೆ, ನೀವೂ ಏನಾದರೂ ನುಡಿಸುತ್ತೀರಾ ಎಂದು ಕೇಳಿದ. ಯುಜಿನ್ ನಕ್ಕು, ತಾನು ಹೋಟೆಲಿನಲ್ಲಿ ಕೆಲಸ ಮಾಡುವವನು ಎಂದ.

ಆಲ್ಬಮ್ ದೊಡ್ಡ ಹೆಸರೇನೂ ಮಾಡಲಿಲ್ಲ. ದುಬೈಯ ಐರಿಶ್ ಜನ ಕೊಂಡರು, ಒಂದಷ್ಟು ಅವರ ದೇಶಕ್ಕೂ ಹೋಯಿತು. ಯುಜಿನ್ ಎರಡನೆಯ ಸಲ ಇಂಜೆಕ್ಷನ್ ಹಾಕಿಸಿಕೊಂಡ, ಮೂರನೆಯದಕ್ಕೆ ಹೋಗಲಿಲ್ಲ. ಶುಕ್ರವಾರದ ಪೂಜೆಯಲ್ಲಿ ಗಾಯನ ಮಂಡಳಿ ನಿಲ್ಲುವ ಕಡೆಯಿಂದ ಹಿಂದಿನ ಬೆಂಚಿಗೆ ಬಂದು ಮಾರ್ಟಿನಾಳ ಪಕ್ಕದಲ್ಲಿ ಕೂರತೊಡಗಿದ. ಕೆಲವೊಮ್ಮೆ ಪೂಜೆ ಮುಗಿಸಿ ಇಬ್ಬರೂ ಸ್ಮಶಾನಕ್ಕೆ ಹೋಗುತ್ತಿದ್ದರು. ಮೊದಲೆಲ್ಲ ಒಬ್ಬರಿಗೊಬ್ಬರು ತಿಳಿಸದೆ ಬೇರೆ ಬೇರೆ ಹೋಗಿ ಬರುತ್ತಿದ್ದರೆಂದು ಆಗ ಇಬ್ಬರಿಗೂ ಗೊತ್ತಾಯಿತು. ಹಾಗೆಂದು ಮನೆ ತುಂಬ ಮಾತೇನೂ ಬರಲಿಲ್ಲ. ಆದರೆ ಶಾರನ್ ಇದ್ದಿದ್ದರೆ ಈಗ ಯಾವ ಕ್ಲಾಸು ಎಂದು ಮಾರ್ಟಿನಾ ಒಮ್ಮೊಮ್ಮೆ ಕೇಳುತ್ತಿದ್ದಳು, ಅವನು ಲೆಕ್ಕ ಹಾಕಿ ಹೇಳುತ್ತಿದ್ದ.

2015ರ ಕೊನೆಯಲ್ಲಿ ಕಾನರ್‌ಗೆ ತನ್ನ ಊರಲ್ಲಿ ಮತ್ತೆ ಕೆಲಸ ಸಿಕ್ಕಿತು. ಊನಾ ಅದಕ್ಕೂ ಮೊದಲೇ ಹೋಗಿಯಾಗಿತ್ತು. ಬ್ಯಾಂಡ್ ಅಲ್ಲಿಗೆ ಮುಗಿಯಿತು. ಅವನನ್ನು ವಿಮಾನ ನಿಲ್ದಾಣಕ್ಕೆ ಬಿಡಲು ಇಬ್ಬರೂ ಹೋದರು. ಕೈ ಸರಿಯಾದರೆ ಐರ್ಲೆಂಡಿಗೆ ಬಾ, ನಮ್ಮೂರ ಪಬ್ಬಿನಲ್ಲಿ ಜೊತೆಗೆ ನುಡಿಸೋಣ ಎಂದು ಕಾನರ್ ಅವನನ್ನು ತಬ್ಬಿಕೊಂಡು ಹೇಳಿದ. ಬರುತ್ತೇನೆ ಎಂದ ಯುಜಿನ್.

ಹಿಂದಿರುಗುವಾಗ ಮಾರ್ಟಿನಾಳೇ ಕಾರು ಓಡಿಸುತ್ತಿದ್ದಳು. ಶೇಖ್ ಜಾಯೆದ್ ರಸ್ತೆಗೆ ಬಂದ ಮೇಲೆ ಕೇಳಿದಳು, "ಇನ್ನು ನುಡಿಸುವುದೇ ಇಲ್ಲವಾ ನೀನು?"

ಇಷ್ಟು ವರ್ಷ ಆ ಪ್ರಶ್ನೆಯನ್ನು ಯಾರಾದರೂ ಕೇಳಿದರೆ ಅವನು ನೋಡೋಣ ಎನ್ನುತ್ತಿದ್ದ.

"ಇಲ್ಲ," ಎಂದ.

ಅವಳು ತಲೆಯಾಡಿಸಿ ರಸ್ತೆಯನ್ನೇ ನೋಡುತ್ತ ಓಡಿಸಿದಳು. ಮನೆಗೆ ಹೋಗುವ ಬರ್ಷಾದ ತಿರುವು ಬಂತು, ಹೋಯಿತು. ದಾಟಿದ್ದು ಇಬ್ಬರಿಗೂ ಗೊತ್ತಾಯಿತು. ಮುಂದಿನ ತಿರುವಿನವರೆಗೂ ಹೋಗಿ ಹಿಂದೆ ಬರಬೇಕಾಯಿತು.